ಆದಿಕಾಂಡದ ಆರು ದಿನ ಎಷ್ಟು ಉದ್ದ?

ಪ್ರಶ್ನೆ: ನಾವು ಧಾರವಾಡದವರು, ಮೂರು ತಲೆಮಾರಿನಿಂದ ಕ್ರೈಸ್ತರು. ಮಗಳು ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಕಾಲೇಜಿನವರು ಬೆಂಗಳೂರಿನ ಲಾಲ್‌ಬಾಗ್ ಬಂಡೆ ತೋರಿಸಲು ಕರೆದುಕೊಂಡು ಹೋಗಿದ್ದರು. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಎಂದು ತಿಳಿದು ಬಂದಳು. ಮುಂದಿನ ಭಾನುವಾರ ಯುವಜನರ ಕೂಟದಲ್ಲಿ ಬೋಧಕರೊಬ್ಬರು, "ಆರು ದಿನ ಅಂದರೆ ಆರೇ ದಿನ, ದಿನಕ್ಕೆ 24 ಗಂಟೆ. ಭೂಮಿಗೆ 6,000 ವರ್ಷ. ಇದನ್ನು ನಂಬದವರು ಸತ್ಯವೇದವನ್ನೇ ನಂಬುವುದಿಲ್ಲ" ಎಂದರು. ಮಗಳು ಎದ್ದು, "ಸೂರ್ಯನನ್ನು ಮಾಡಿದ್ದೇ ನಾಲ್ಕನೇ ದಿನ ಅಲ್ವಾ? ಮೊದಲ ಮೂರು ದಿನಕ್ಕೆ 24 ಗಂಟೆ ಅಂತ ಹೇಗೆ ಗೊತ್ತು?" ಎಂದು ಕೇಳಿದಳು. ಅವರು ಎಲ್ಲರೆದುರು ಗದರಿದರು. ಈಗ ಅವಳು ಆರಾಧನೆಗೆ ಬರುವುದಿಲ್ಲ ಎನ್ನುತ್ತಾಳೆ. ನಮ್ಮ ಯಜಮಾನರು, "ದೇವರಿಗೆ ಸಾವಿರ ವರ್ಷ ಒಂದು ದಿನ ಇದ್ದ ಹಾಗೆ, ಸುಮ್ನೆ ಬಿಡಿ" ಎನ್ನುತ್ತಾರೆ. ಹೀಬ್ರೂ ಮೂಲದಲ್ಲಿ ನಿಜವಾಗಿ ಏನಿದೆ? ನಾನು ಮಗಳಿಗೆ ಏನು ಹೇಳಲಿ?
(ಒಬ್ಬ ತಾಯಿ, ಧಾರವಾಡ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಸತ್ಯವೇದದ, ಅಂದರೆ ಬೈಬಲ್‌ನ, ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ದೇವರು ಲೋಕವನ್ನು ಸೃಷ್ಟಿಸಿದ ಆರು ದಿನಗಳ ಉದ್ದ ಎಷ್ಟು ಎನ್ನುವುದು ಒಂದು. ಮಗಳ ನಂಬಿಕೆ ಕೈತಪ್ಪಿ ಹೋಗುತ್ತದೋ ಎನ್ನುವುದು ಇನ್ನೊಂದು. ಎರಡನೆಯದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ. ನಾನು ಹಳೆಯ ಒಡಂಬಡಿಕೆಯನ್ನೂ ಹೀಬ್ರೂ ಭಾಷೆಯನ್ನೂ ಕಲಿಸುವವನು. ಇದೇ ಸಂಕಟ ಹೊತ್ತು ಬರುವ ತಂದೆತಾಯಿಗಳನ್ನೂ ವಿದ್ಯಾರ್ಥಿಗಳನ್ನೂ ಬಹಳ ಕಂಡಿದ್ದೇನೆ. ವಿಜ್ಞಾನದ ಪಾಠ ಕೇಳಿದ ಮಾತ್ರಕ್ಕೆ ಸಭೆ (ಚರ್ಚ್) ಬಿಟ್ಟವರು ಅವರಲ್ಲಿ ಕಡಿಮೆ. ಪ್ರಶ್ನೆ ಕೇಳಿದ್ದಕ್ಕೆ ಬೈಸಿಕೊಂಡು ಬಿಟ್ಟವರೇ ಹೆಚ್ಚು.

ಮಗಳ ಪ್ರಶ್ನೆ ಅಧಿಕಪ್ರಸಂಗವಲ್ಲ, ಹೊಸದೂ ಅಲ್ಲ. ಸುಮಾರು 1,800 ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಒರಿಗೆನ್ ಇದನ್ನೇ ಕೇಳಿದ್ದರು. ಆದಿಸಭೆಯ ಬಹು ದೊಡ್ಡ ವಿದ್ವಾಂಸರಲ್ಲಿ ಅವರೊಬ್ಬರು. ಸೂರ್ಯ, ಚಂದ್ರ, ನಕ್ಷತ್ರ ಯಾವುದೂ ಇಲ್ಲದೆ ಮೊದಲನೆಯ, ಎರಡನೆಯ, ಮೂರನೆಯ ದಿನಗಳಿಗೆ ಸಂಜೆ, ಬೆಳಗು ಇದ್ದವೆಂದು ಬುದ್ಧಿಯುಳ್ಳವರು ಯಾರು ತಿಳಿದಾರು ಎಂಬ ಅರ್ಥದಲ್ಲಿ ಬರೆದರು. ಆಗ ಭೂವಿಜ್ಞಾನ ಎಂಬ ಶಾಸ್ತ್ರವೇ ಇರಲಿಲ್ಲ. ಒರಿಗೆನ್‌ಗೆ ಆ ಸಂದೇಹ ಹುಟ್ಟಿದ್ದು ಸತ್ಯವೇದವನ್ನು ಗಮನವಿಟ್ಟು ಓದಿದ್ದರಿಂದ.

ಈಗ 6,000 ವರ್ಷದ ಮಾತು. ಈ ಸಂಖ್ಯೆ ಸತ್ಯವೇದದ ಯಾವ ವಚನದಲ್ಲೂ ಇಲ್ಲ. ವಂಶಾವಳಿಗಳಲ್ಲಿ ಬರುವ ವಯಸ್ಸುಗಳನ್ನು ಕೂಡಿಸಿ ಮನುಷ್ಯರು ಮಾಡಿದ ಲೆಕ್ಕ ಇದು. ಐರ್ಲೆಂಡಿನ ಆರ್ಮಾದಲ್ಲಿ ಆರ್ಚ್‌ಬಿಷಪ್ ಆಗಿದ್ದ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸೃಷ್ಟಿ ನಡೆದದ್ದು ಕ್ರಿ.ಪೂ. 4004ರಲ್ಲಿ. ಅಷರ್ ತಮ್ಮ ಕಾಲದ ಗಂಭೀರ ವಿದ್ವಾಂಸರು. ಕೈಗೆ ಸಿಕ್ಕ ದಾಖಲೆಗಳನ್ನೆಲ್ಲ ಇಟ್ಟುಕೊಂಡು ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಆದರೆ 1701ರಿಂದ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಆ ಇಸವಿ ಅಚ್ಚಾಗತೊಡಗಿತು. ಬರಬರುತ್ತಾ ಅಂಚಿನ ಬರಹವೂ ದೇವರ ವಾಕ್ಯವೇ ಎಂದು ಜನ ತಿಳಿದುಬಿಟ್ಟರು.

ಅದೇ ಲೆಕ್ಕ ಬೇರೆಯವರ ಕೈಯಲ್ಲಿ ಬೇರೆಯಾಗಿ ಬಂದಿದೆ. ಯೆಹೂದ್ಯರ ಪಂಚಾಂಗದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದದ್ದು ಸೃಷ್ಟಿಯಿಂದ 5786ನೆಯ ವರ್ಷ. ಸೆಪ್ಟುವಜಿಂಟ್ ಎಂಬ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಆದಿಪಿತೃಗಳು ಮಗನನ್ನು ಪಡೆದಾಗಿನ ವಯಸ್ಸು ಹಲವು ಕಡೆ ಹೀಬ್ರೂ ಪಾಠಕ್ಕಿಂತ 100 ವರ್ಷ ಜಾಸ್ತಿ ಇದೆ. ಅದನ್ನು ಓದುತ್ತಿದ್ದ ಬೈಜಾಂಟಿಯಮ್‌ನ (ಪೂರ್ವ ರೋಮನ್ ಸಾಮ್ರಾಜ್ಯದ) ಕ್ರೈಸ್ತರು ಸೃಷ್ಟಿಯನ್ನು ಕ್ರಿ.ಪೂ. 5509ಕ್ಕೆ ಇಟ್ಟರು. ಅಷರ್ ಲೆಕ್ಕಕ್ಕೂ ಅದಕ್ಕೂ 1,500 ವರ್ಷ ಅಂತರ. ಎರಡೂ ಕಡೆ ಇದ್ದವರು ಭಕ್ತರೇ.

"ಮೊದಲಿಂದ ಎಲ್ಲ ಕ್ರೈಸ್ತರೂ 24 ಗಂಟೆ ಎಂದೇ ನಂಬಿದ್ದರು, ಡಾರ್ವಿನ್ ಬಂದ ಮೇಲೆ ಕೆಟ್ಟಿತು" ಎನ್ನುವ ಮಾತೂ ಆ ಕೂಟದಲ್ಲಿ ಬಂದಿರಬಹುದು. ಅದು ಸರಿಯಲ್ಲ. ಹಾಗಂತ ಹಿಂದಿನವರೆಲ್ಲ ಸಾಂಕೇತಿಕವಾಗಿಯೇ ಓದಿದರು ಎನ್ನುವುದೂ ಸರಿಯಲ್ಲ. ನಾಲ್ಕನೆಯ ಶತಮಾನದ ಬಿಷಪ್ ಬೆಸಿಲ್ ಆ ದಿನಗಳನ್ನು ಸಾಮಾನ್ಯ ದಿನಗಳೆಂದೇ ಬೋಧಿಸಿದರು. ಪ್ರಾಟೆಸ್ಟಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಕೂಡ ಹಾಗೆಯೇ ತಿಳಿದರು. ಆದರೆ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಆದಿಕಾಂಡದ ಬಗ್ಗೆ 12 ಭಾಗಗಳ ವ್ಯಾಖ್ಯಾನ ಬರೆದು, ದೇವರು ಎಲ್ಲವನ್ನೂ ಒಂದೇ ಸಲಕ್ಕೆ ಉಂಟುಮಾಡಿದನು, ಆರು ದಿನ ಎನ್ನುವುದು ಅದನ್ನು ನಮಗೆ ತಿಳಿಸಿಕೊಡುವ ಕ್ರಮ ಎಂಬ ನಿಲುವಿಗೆ ಬಂದರು. ಆ ದಿನಗಳು ಎಂಥವು ಎಂದು ಊಹಿಸುವುದು ನಮಗೆ ತೀರಾ ಕಷ್ಟ, ಬಹುಶಃ ಅಸಾಧ್ಯ ಎಂದೂ ಅವರು ಬೇರೊಂದು ಕಡೆ ಹೇಳಿದ್ದಾರೆ.

ಈ ಗ್ರಂಥ ಮೊದಲು ಯಾರದೋ ಆ ಯೆಹೂದ್ಯರಲ್ಲೂ ಒಮ್ಮತ ಇರಲಿಲ್ಲ. ರಾಶಿ ಎಂಬ ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರರು, ಆದಿಕಾಂಡದ ಈ ಮೊದಲ ಅಧ್ಯಾಯ ಸೃಷ್ಟಿಯ ಅನುಕ್ರಮವನ್ನು ಹೇಳಲು ಬಂದದ್ದಲ್ಲ ಎಂದರು. ಅದಕ್ಕೆ ಅವರು ಕೊಟ್ಟ ಕಾರಣ ಸರಳವಾಗಿದೆ: ಎರಡನೆಯ ವಚನದಲ್ಲಿ ನೀರು ಆಗಲೇ ಇದೆ, ಅದನ್ನು ಯಾವಾಗ ಮಾಡಿದ್ದು ಎಂದು ಎಲ್ಲೂ ಹೇಳಿಲ್ಲ. ಹದಿಮೂರನೆಯ ಶತಮಾನದ ನಹ್ಮಾನಿದೆಸ್ ಇದಕ್ಕೆ ಒಪ್ಪಲಿಲ್ಲ. ಅವು ಗಂಟೆ, ನಿಮಿಷಗಳಿರುವ ನಿಜವಾದ ದಿನಗಳೇ, ಜೊತೆಗೆ ಅವಕ್ಕೆ ಒಳಗಿನ ಅರ್ಥವೂ ಇದೆ ಎಂದರು. ಇವರಿಬ್ಬರ ವ್ಯಾಖ್ಯಾನವನ್ನೂ ಯೆಹೂದ್ಯರು ಇವತ್ತಿಗೂ ಗೌರವದಿಂದ ಓದುತ್ತಾರೆ.

ಹಾಗಾದರೆ 24 ಗಂಟೆ, 6,000 ವರ್ಷ ಎನ್ನುವುದು ನಂಬಿಕೆಯ ಪರೀಕ್ಷೆ ಆದದ್ದು ಯಾವಾಗ? ಬಹಳ ಈಚೆಗೆ. 1925ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ವಿಕಾಸವಾದ ಕಲಿಸಿದ ಶಿಕ್ಷಕನ ಮೇಲೆ ಪ್ರಸಿದ್ಧ ಮೊಕದ್ದಮೆ ನಡೆಯಿತು. ವಿಕಾಸವಾದದ ವಿರುದ್ಧ ನಿಂತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರೇ ಸಾಕ್ಷಿ ಹೇಳುವಾಗ, ಆ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದಿದ್ದರು. ಚಿಕ್ಕ ವಯಸ್ಸಿನ ಭೂಮಿಯ ವಾದ ಸಭೆಗಳಲ್ಲಿ ಜೋರಾಗಿ ಹರಡಿದ್ದು 1961ರಲ್ಲಿ ಜಲಪ್ರಳಯದ ಬಗ್ಗೆ ಅಮೆರಿಕದಲ್ಲಿ ಬಂದ ಒಂದು ಪುಸ್ತಕದ ನಂತರ. ನಿಮ್ಮ ಬೋಧಕರು ಆಡಿದ ಮಾತಿನ ಧಾಟಿ ಅಲ್ಲಿಂದ ಬಂದದ್ದು.

ಯಜಮಾನರ ಮಾತಿಗೂ ಉತ್ತರ ಕೊಡಬೇಕು. ಸಾವಿರ ವರ್ಷದ ಮಾತು 90ನೆಯ ಕೀರ್ತನೆಯಲ್ಲೂ ಪೇತ್ರನ ಎರಡನೆಯ ಪತ್ರಿಕೆಯಲ್ಲೂ ಇದೆ. ಅದನ್ನು ಸೂತ್ರದ ಹಾಗೆ ಬಳಸಲು ಬರುವುದಿಲ್ಲ. ಕೀರ್ತನೆಯ ಆ ವಚನವನ್ನು ಪೂರ್ತಿ ಓದಿ ನೋಡಿ. ಸಾವಿರ ವರ್ಷ ದೇವರ ದೃಷ್ಟಿಯಲ್ಲಿ ಕಳೆದುಹೋದ ನಿನ್ನೆಯ ದಿನದಂತೆ, ರಾತ್ರಿಯ ಒಂದು ಜಾವದಂತೆ ಎನ್ನುತ್ತದೆ. ಆ ಕಾಲದಲ್ಲಿ ರಾತ್ರಿಗೆ ಮೂರು ಜಾವ. ಸೂತ್ರ ಎಂದುಕೊಂಡರೆ ಸಾವಿರ ವರ್ಷ ಒಂದು ದಿನಕ್ಕೂ ಸಮ, ನಾಲ್ಕು ಗಂಟೆಗೂ ಸಮ ಆಗಬೇಕಾಗುತ್ತದೆ. ಮನುಷ್ಯನ ಆಯುಸ್ಸು ಎಷ್ಟು ಚಿಕ್ಕದು, ದೇವರು ಕಾಲಕ್ಕೆ ಎಷ್ಟು ಹೊರತಾದವನು ಎಂದು ಹೇಳುವ ಪ್ರಾರ್ಥನೆ ಅದು. ಇನ್ನು ಆರು ದಿನಕ್ಕೆ ಆರು ಸಾವಿರ ವರ್ಷ ಎಂದರೂ ಲಾಲ್‌ಬಾಗ್ ಬಂಡೆಯ ಹತ್ತಿರಕ್ಕೂ ಹೋಗುವುದಿಲ್ಲವಲ್ಲ.

ಹೀಬ್ರೂ ಮೂಲದಲ್ಲಿ ಇರುವ ಪದ 'ಯೋಮ್'. ಹಳೆಯ ಒಡಂಬಡಿಕೆಯಲ್ಲಿ 2,300ಕ್ಕೂ ಹೆಚ್ಚು ಸಲ ಬರುವ ದಿನಬಳಕೆಯ ಪದ. ಆದಿಕಾಂಡ 1:5ರಲ್ಲೇ (ಒಂದನೆಯ ಅಧ್ಯಾಯದ ಐದನೆಯ ವಚನದಲ್ಲೇ) ಅದು ಎರಡು ಅರ್ಥದಲ್ಲಿದೆ: ಮೊದಲು ಬೆಳಕಿನ ಹೊತ್ತಿಗೆ, ಅದೇ ವಚನದ ಕೊನೆಗೆ ಸಂಜೆ, ಬೆಳಗು ಸೇರಿದ ದಿನಕ್ಕೆ. 2:4ರಲ್ಲಿ ದೇವರು ಭೂಮ್ಯಾಕಾಶಗಳನ್ನು ಮಾಡಿದ "ದಿನದಲ್ಲಿ" ಎಂದಿದೆ. ಅಲ್ಲಿ "ಮಾಡಿದಾಗ" ಎಂದಷ್ಟೇ ಅರ್ಥ. ಜೊತೆಗೆ ಸಂಖ್ಯೆ ಇದ್ದರೆ 24 ಗಂಟೆಯೇ ಎಂದು ಕೆಲವರು ನಿಯಮ ಹೇಳುತ್ತಾರೆ. ಹೀಬ್ರೂ ವ್ಯಾಕರಣದಲ್ಲಿ ಅಂಥ ನಿಯಮ ಇಲ್ಲ. ಹೋಶೇಯ 6:2ರಲ್ಲಿ "ಎರಡು ದಿನದ ಮೇಲೆ", "ಮೂರನೆಯ ದಿನದಲ್ಲಿ" ಎಂಬ ಮಾತು ಬರುತ್ತದೆ. ಇಡೀ ಜನಾಂಗ ಚೇತರಿಸಿಕೊಳ್ಳುವ ಬಗ್ಗೆ ಆಡಿದ ಮಾತದು, ಗಂಟೆ ಎಣಿಸಿದ್ದಲ್ಲ. ಒಟ್ಟಿನಲ್ಲಿ ನಿಘಂಟು ಹಿಡಿದುಕೊಂಡು ಈ ಜಗಳ ತೀರುವುದಿಲ್ಲ. ಅಧ್ಯಾಯದ ಕಟ್ಟಡ ನೋಡಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸತ್ಯವೇದ ತೆರೆದಿಟ್ಟುಕೊಂಡು ಮಗಳ ಜೊತೆ ಕೂತು ನೋಡಿ. ಎರಡನೆಯ ವಚನದಲ್ಲಿ ಭೂಮಿ "ಕ್ರಮವಿಲ್ಲದೆಯೂ ಬರಿದಾಗಿಯೂ" ಇತ್ತು ಎಂದಿದೆ. ಕೊರತೆ ಎರಡು. ಕ್ರಮ ಇಲ್ಲ, ಒಳಗೆ ಏನೂ ಇಲ್ಲ. ಮೊದಲ ಮೂರು ದಿನ ದೇವರು ಕ್ರಮ ತರುತ್ತಾನೆ: ಬೆಳಕನ್ನು ಕತ್ತಲಿನಿಂದ, ಮೇಲಣ ನೀರನ್ನು ಕೆಳಗಣ ನೀರಿನಿಂದ, ಒಣನೆಲವನ್ನು ಸಮುದ್ರದಿಂದ ಬೇರೆ ಮಾಡುತ್ತಾನೆ. ಮುಂದಿನ ಮೂರು ದಿನ ಅದೇ ಸಾಲಿನಲ್ಲಿ ತುಂಬುತ್ತಾನೆ. ಒಂದನೆಯ ದಿನದ ಬೆಳಕಿಗೆ ನಾಲ್ಕನೆಯ ದಿನ ಸೂರ್ಯ, ಚಂದ್ರ, ನಕ್ಷತ್ರ. ಎರಡನೆಯ ದಿನದ ಆಕಾಶಕ್ಕೂ ನೀರಿಗೂ ಐದನೆಯ ದಿನ ಹಕ್ಕಿ, ಮೀನು. ಮೂರನೆಯ ದಿನದ ನೆಲಕ್ಕೆ ಆರನೆಯ ದಿನ ಪ್ರಾಣಿಗಳು, ಮನುಷ್ಯರು. ಮೂರನೆಯ ದಿನ ಎರಡು ಕೆಲಸ, ಆರನೆಯ ದಿನವೂ ಎರಡು ಕೆಲಸ.

ಏಳರ ಲೆಕ್ಕವಂತೂ ಎಲ್ಲೆಲ್ಲೂ ಇದೆ. ಹೀಬ್ರೂವಿನಲ್ಲಿ ಮೊದಲ ವಚನಕ್ಕೆ 7 ಪದ, ಎರಡನೆಯದಕ್ಕೆ 14. 'ದೇವರು' ಎಂಬ ಪದ 1:1ರಿಂದ 2:3ರವರೆಗೆ 35 ಸಲ, 'ಭೂಮಿ' 21 ಸಲ. ಪದ ಪದವನ್ನೂ ಎಣಿಸಿ ಜೋಡಿಸಿದ ಬರಹ ಇದು. ಸೂರ್ಯ ನಾಲ್ಕನೆಯ ದಿನ ಬಂದದ್ದು ಬರೆದವರ ಕಣ್ತಪ್ಪಲ್ಲ. ಸೂರ್ಯ ಇಲ್ಲದೆ ಹಗಲಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಹಾಗಾದರೆ ಯಾಕೆ ಹಾಗೆ ಇಟ್ಟರು? ಸುತ್ತಲಿನ ನಾಡುಗಳನ್ನು ನೆನೆದರೆ ತಿಳಿಯುತ್ತದೆ. ಬಾಬಿಲೋನಿನಲ್ಲಿ ಸೂರ್ಯ ಶಮಾಷ್ ಎಂಬ ದೇವರು, ಚಂದ್ರ ಸಿನ್ ಎಂಬ ದೇವರು. ಆದಿಕಾಂಡ ಅವುಗಳ ಹೆಸರನ್ನೂ ಎತ್ತುವುದಿಲ್ಲ. "ದೊಡ್ಡ ಬೆಳಕು", "ಚಿಕ್ಕ ಬೆಳಕು" ಎಂದಷ್ಟೇ ಹೇಳುತ್ತದೆ. ದೇವರು ಅವನ್ನು ಹೊತ್ತು ಗೊತ್ತು ತಿಳಿಸುವ ಕೆಲಸಕ್ಕೆ ಇಟ್ಟನು, ಅವಿಲ್ಲದೆಯೂ ಬೆಳಕು ಇತ್ತು ಎನ್ನುತ್ತದೆ. ಬಾಬಿಲೋನಿನವರ ಸೃಷ್ಟಿಕಥೆಯಲ್ಲಿ ಮರ್ದೂಕ್ ಎಂಬ ದೇವರು ತಿಯಾಮತ್ ಎಂಬ ಸಮುದ್ರದೇವತೆಯನ್ನು ಕೊಂದು, ಆಕೆಯ ದೇಹ ಸೀಳಿ ಲೋಕ ಮಾಡುತ್ತಾನೆ. ಮನುಷ್ಯರು ಅಲ್ಲಿ ದೇವತೆಗಳ ಚಾಕರಿಗೆ ಹುಟ್ಟಿದವರು. ಇಲ್ಲಿ ಯುದ್ಧ ಇಲ್ಲ, ಮಾತಿನಿಂದಲೇ ಎಲ್ಲ ಆಗುತ್ತದೆ. ಮನುಷ್ಯ ದೇವರ ಸ್ವರೂಪದಲ್ಲಿ ಉಂಟಾದವನು. ಕ್ರಿ.ಪೂ. ಆರನೆಯ ಶತಮಾನದಲ್ಲಿ ಯೆರೂಸಲೇಮ್ ಹಾಳಾಗಿ, ಬಾಬಿಲೋನಿಗೆ ಸೆರೆ ಹೋದ ಯೆಹೂದ್ಯರಿಗೆ ಈ ಅಧ್ಯಾಯ ಎಷ್ಟು ಧೈರ್ಯ ಕೊಟ್ಟಿರಬೇಕು ಎಂದು ಯೋಚಿಸಿ. ಅವರ ಎದುರು ಇದ್ದದ್ದು ಬಂಡೆಗೆ ಎಷ್ಟು ವರ್ಷ ಎಂಬ ಪ್ರಶ್ನೆಯಲ್ಲ. ಗೆದ್ದವರ ದೇವರುಗಳೇ ನಿಜವೇ, ನಾವು ಅವರ ಗುಲಾಮರೇ ಎಂಬ ಪ್ರಶ್ನೆ.

ಏಳನೆಯ ದಿನವನ್ನೂ ನೋಡಿ. ಆರು ದಿನಕ್ಕೂ "ಸಾಯಂಕಾಲವೂ ಪ್ರಾತಃಕಾಲವೂ ಆಗಿ" ಎಂಬ ಮಾತಿದೆ. ಏಳನೆಯದಕ್ಕೆ ಮಾತ್ರ ಇಲ್ಲ. ಆ ದಿನ ಮುಗಿದಂತೆ ಬರೆದೇ ಇಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯ ದೇವರ ಆ ವಿಶ್ರಾಂತಿ ಇನ್ನೂ ತೆರೆದಿದೆ, ನಾವೂ ಅದರಲ್ಲಿ ಸೇರಬಹುದು ಎನ್ನುತ್ತದೆ.

24 ಗಂಟೆಯ ಪಕ್ಷದವರ ಬಲವಾದ ಆಧಾರ ವಿಮೋಚನಕಾಂಡ 20:11. ದೇವರು ಆರು ದಿನಗಳಲ್ಲಿ ಎಲ್ಲವನ್ನೂ ಮಾಡಿ ಏಳನೆಯ ದಿನ ವಿಶ್ರಮಿಸಿದನು, ಅದಕ್ಕೇ ನೀವೂ ಸಬ್ಬತ್ ಆಚರಿಸಿ ಎನ್ನುವ ಆಜ್ಞೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಅದೇ ವಿಷಯ 31:17ರಲ್ಲಿ ಮತ್ತೆ ಬರುವಾಗ, ದೇವರು ವಿಶ್ರಮಿಸಿ ದಣಿವಾರಿಸಿಕೊಂಡನು ಎಂಬ ಅರ್ಥದ ಪದ ಇದೆ. ದೇವರು ದಣಿಯುವುದಿಲ್ಲ ಎಂದು ಯೆಶಾಯ 40:28 ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ದುಡಿಯುವ ಮನುಷ್ಯನ ವಾರವನ್ನು ಮುಂದಿಟ್ಟುಕೊಂಡು ದೇವರ ಕೆಲಸವನ್ನು ಹೇಳಿದ್ದಾರೆ. ಯಾಜಕಕಾಂಡ 25ರಲ್ಲಿ ಆರು ವರ್ಷ ಬಿತ್ತಿ ಏಳನೆಯ ವರ್ಷ ಹೊಲಕ್ಕೆ ವಿಶ್ರಾಂತಿ ಕೊಡಬೇಕು ಎಂಬ ಆಜ್ಞೆಯೂ ಇದೇ ಆರು-ಒಂದರ ಕ್ರಮದ್ದು. ಅಲ್ಲಿ ದಿನ ಇದ್ದ ಕಡೆ ವರ್ಷ ಬಂದಿದೆ. ಮುಖ್ಯವಾದದ್ದು ಕ್ರಮ, ಉದ್ದ ಅಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಆರು ಸಾಮಾನ್ಯ ದಿನ, ಚಿಕ್ಕ ವಯಸ್ಸಿನ ಭೂಮಿ ಎಂಬ ಓದು ಸರಳವಾಗಿದೆ, ಕಥೆಯ ಮೇಲ್ಮೈಗೆ ಹತ್ತಿರವಾಗಿದೆ. ಅದನ್ನು ನಂಬುವವರನ್ನು ಹಗುರ ಮಾಡಬೇಡಿ. ಆದರೆ ಅದಕ್ಕೆ ತೆರುವ ಬೆಲೆ ದೊಡ್ಡದು. ಯುರೇನಿಯಂ-238 ಎಂಬ ಧಾತು ತನ್ನಷ್ಟಕ್ಕೆ ಸೀಸವಾಗುತ್ತಾ ಹೋಗುತ್ತದೆ. ಇರುವುದರಲ್ಲಿ ಅರ್ಧ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಕಲ್ಲಿನ ಹರಳಿನಲ್ಲಿ ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟಾಗಿದೆ ಎಂದು ಅಳೆದು ವಯಸ್ಸು ಹೇಳುತ್ತಾರೆ. ಉಲ್ಕಾಶಿಲೆಗಳ ಸೀಸ ಅಳೆದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದು ಪ್ರಕಟಿಸಿದರು. ಆ ಸಂಖ್ಯೆ ಈಗಲೂ ಹೆಚ್ಚುಕಡಿಮೆ ಹಾಗೇ ನಿಂತಿದೆ. ದೇವರು ಹಳೆಯದಾಗಿ ಕಾಣುವ ಹಾಗೆಯೇ ಭೂಮಿಯನ್ನು ಮಾಡಿದನು ಎಂದು ಕೆಲವರು ಉತ್ತರಿಸುತ್ತಾರೆ. ಹಾಗೆಂದರೆ ದೇವರು ನಡೆಯದೇ ಇದ್ದದ್ದಕ್ಕೆ ಕಲ್ಲಿನಲ್ಲಿ ಸಾಕ್ಷಿ ಬರೆದಿಟ್ಟ ಎಂದಾಗುತ್ತದೆ. ನಂಬಿಕೆಗೆ ಭೂವಿಜ್ಞಾನಕ್ಕಿಂತ ದೊಡ್ಡ ಪೆಟ್ಟು ಅದು.

ಮೊದಲ ಎರಡು ವಚನಗಳ ನಡುವೆ ಕೋಟ್ಯಂತರ ವರ್ಷ ಕಳೆದುಹೋದವು ಎಂಬ ಓದೂ ಇದೆ. 1814ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್ ಇದನ್ನು ಪ್ರಚಾರಕ್ಕೆ ತಂದರು. ನಮ್ಮ ಹಿರಿಯರಲ್ಲಿ ಕೆಲವರು ಇದನ್ನು ಕೇಳಿರಬಹುದು. ಎರಡನೆಯ ವಚನದ ಹೀಬ್ರೂ ವಾಕ್ಯರಚನೆ ಇದಕ್ಕೆ ಒಗ್ಗುವುದಿಲ್ಲ. ಆ ವಚನ ಅಂದಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಆಮೇಲೆ ನಡೆದ ಹೊಸ ಘಟನೆಯನ್ನಲ್ಲ.

ಒಂದೊಂದು ದಿನವೂ ಒಂದೊಂದು ಯುಗ ಎನ್ನುವುದು ಹೆಚ್ಚು ಜನಪ್ರಿಯ. ಭೂವಿಜ್ಞಾನ ಓದುವ ಮಗಳಿಗೆ ಮೊದಲು ಇದೇ ಇಷ್ಟವಾಗಬಹುದು. ಎಚ್ಚರಿಕೆ ಬೇಕಾದದ್ದೂ ಇಲ್ಲೇ. ಮೂರನೆಯ ದಿನ ಹಣ್ಣಿನ ಮರ, ನಾಲ್ಕನೆಯ ದಿನ ಸೂರ್ಯ, ಐದನೆಯ ದಿನ ಮೀನು ಮತ್ತು ಹಕ್ಕಿ, ಆರನೆಯ ದಿನ ನೆಲದ ಪ್ರಾಣಿಗಳು. ಪಳೆಯುಳಿಕೆಗಳಲ್ಲಿ ಮೀನು ಹಣ್ಣಿನ ಮರಕ್ಕಿಂತ ಬಹಳ ಹಳೆಯದು, ನೆಲದ ಪ್ರಾಣಿಗಳು ಹಕ್ಕಿಗಿಂತ ಮುಂಚಿನವು. ಸೂರ್ಯ ಮೊದಲೇ ಇತ್ತು, ಮೋಡ ಸರಿದು ನಾಲ್ಕನೆಯ ದಿನ ಕಾಣಿಸಿತು ಎಂದು ವಿವರಿಸುವವರಿದ್ದಾರೆ. ವಚನದಲ್ಲಿ ಇರುವುದು "ಮಾಡಿದನು". ಇವತ್ತಿನ ವಿಜ್ಞಾನಕ್ಕೆ ವಚನವನ್ನು ಎಳೆದು ಕಟ್ಟಿದರೆ, ನಾಳೆ ವಿಜ್ಞಾನ ಸರಿದಾಗ ವಚನವೂ ಹರಿಯುತ್ತದೆ.

ನಾನು ಒಪ್ಪುವ ಓದನ್ನು ಮೇಲೆ ಆಗಲೇ ಹೇಳಿದ್ದೇನೆ. ಕಥೆಯೊಳಗೆ ಅವು ಸಾಮಾನ್ಯ ದಿನಗಳೇ, ಕನ್ನಡದಲ್ಲಿ 'ದಿನ' ಎಂದಿರುವುದು ಸರಿಯೇ ಇದೆ. ಆದರೆ ಇಡೀ ವಾರ ದೇವರ ಕೆಲಸವನ್ನು ಮನುಷ್ಯನ ದುಡಿಮೆಯ ವಾರದ ರೂಪದಲ್ಲಿ ತೋರಿಸುತ್ತದೆ. ಭೂಮಿಯ ವಯಸ್ಸನ್ನು ಅಳೆದುಕೊಡುವುದು ಅದರ ಕೆಲಸವಲ್ಲ. ಈ ಓದಿಗೂ ಅಪಾಯ ಇದೆ. "ಹಾಗಾದರೆ ಆದಾಮ? ಜಲಪ್ರಳಯ? ಪುನರುತ್ಥಾನ? ಅವೂ ರೂಪಕವೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೇ ಏಟಿಗೆ ಉತ್ತರ ಕೊಡಲು ಹೋಗಬೇಡಿ. ಒಂದೊಂದು ಭಾಗ ಯಾವ ಬಗೆಯ ಬರಹ ಎಂದು ಬೇರೆಬೇರೆಯಾಗಿಯೇ ನೋಡಬೇಕು. ಯೇಸುವಿನ ಪುನರುತ್ಥಾನವನ್ನು ಪೌಲನು 1 ಕೊರಿಂಥ 15ರಲ್ಲಿ ಹೇಳುವಾಗ ಕಂಡವರ ಪಟ್ಟಿ ಕೊಡುತ್ತಾನೆ, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಏಳರ ಲೆಕ್ಕದಲ್ಲಿ ಕಟ್ಟಿದ ಅಧ್ಯಾಯದ ಬಗೆ ಬೇರೆ, ಸಾಕ್ಷಿಗಳ ಪಟ್ಟಿಯ ಬಗೆ ಬೇರೆ.

ಸಭೆಗಳೂ ಈ ವಿಷಯದಲ್ಲಿ ಅವಕಾಶ ಕೊಟ್ಟಿವೆ. ರೋಮಿನ ಕ್ಯಾಥೊಲಿಕ್ ಬೈಬಲ್ ಆಯೋಗ 1909ರಲ್ಲೇ 'ಯೋಮ್' ಎಂಬುದನ್ನು ಸಾಮಾನ್ಯ ದಿನವೆಂದೂ ಒಂದು ಕಾಲಾವಧಿಯೆಂದೂ ಚರ್ಚಿಸಬಹುದು ಎಂದಿತು. ತುಂಬ ಸಂಪ್ರದಾಯನಿಷ್ಠವಾದ ಅಮೆರಿಕದ ಒಂದು ಪ್ರೆಸ್‌ಬಿಟೇರಿಯನ್ ಸಭೆ 2000ದಲ್ಲಿ ವರದಿ ತರಿಸಿಕೊಂಡು, ಒಂದಕ್ಕಿಂತ ಹೆಚ್ಚು ಓದುಗಳಿಗೆ ಜಾಗ ಬಿಟ್ಟಿತು. ಸತ್ಯವೇದವನ್ನು ನಂಬದವರಲ್ಲ ಇವರು ಯಾರೂ.

ಮಗಳಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಮೊದಲು ಅವಳ ಪ್ರಶ್ನೆ ಒಳ್ಳೆಯದು ಎಂದು ಹೇಳಿ. ಒರಿಗೆನ್, ಅಗಸ್ಟೀನ್, ರಾಶಿ ಇವರ ಹೆಸರುಗಳನ್ನು ಹೇಳಿ. ಈ ಪ್ರಶ್ನೆ ಕೇಳಿದವರಲ್ಲಿ ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಗೊತ್ತಾಗಲಿ. ಬಂಡೆಯ ವಯಸ್ಸು, ದೇವರು ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಮಾತ್ರ ಹೇಳಬೇಡಿ. ಅವಳು ಓದುತ್ತಿರುವ ಶಾಸ್ತ್ರದಲ್ಲಿ ನಿಮ್ಮ ಊರಿನ ಹೆಸರೇ ಇದೆ. ದಕ್ಷಿಣ ಭಾರತದ ಅತಿ ಹಳೆಯ ಶಿಲಾಭಾಗವನ್ನು ಜಗತ್ತಿನ ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದ ಕರೆಯುತ್ತಾರೆ. ಅವಳು ಅದನ್ನು ಹೆಮ್ಮೆಯಿಂದ ಓದಲಿ. ಮನೆಯ ಪ್ರಾರ್ಥನೆಯಲ್ಲಿ 104ನೆಯ ಕೀರ್ತನೆಯನ್ನೂ ಯೋಬನ ಪುಸ್ತಕದ 38ನೆಯ ಅಧ್ಯಾಯವನ್ನೂ ಓದಿ. ಎರಡರಲ್ಲೂ ಸೃಷ್ಟಿಯ ವರ್ಣನೆ ಇದೆ, ದಿನಗಳ ಲೆಕ್ಕ ಇಲ್ಲ.

ಬೋಧಕರ ಬಗ್ಗೆ ಒಂದು ಮಾತು. ಅವರ ಜೊತೆ ಎಲ್ಲರೆದುರು ವಾದಕ್ಕೆ ಇಳಿಯಬೇಡಿ. ನೀವೂ ಯಜಮಾನರೂ ಅವರನ್ನು ಮನೆಗೆ ಕರೆದು, ಮಗಳನ್ನು ಗದರಿದ್ದರಿಂದ ನಿಮಗೆ ನೋವಾಗಿದೆ ಎಂದು ನೇರವಾಗಿ ಹೇಳಿ. ಅಗಸ್ಟೀನ್ ಬರೆದ ಒಂದು ಎಚ್ಚರಿಕೆಯನ್ನೂ ತಿಳಿಸಬಹುದು: ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ಚೆನ್ನಾಗಿ ತಿಳಿದ ಹೊರಗಿನವರ ಎದುರು ಕ್ರೈಸ್ತನೊಬ್ಬ ಶಾಸ್ತ್ರದ ಹೆಸರಿನಲ್ಲಿ ತಪ್ಪು ಮಾತಾಡಿದರೆ, ಪುನರುತ್ಥಾನ, ನಿತ್ಯಜೀವದ ಬಗ್ಗೆ ಅದೇ ಗ್ರಂಥ ಹೇಳುವುದನ್ನು ಅವರು ಹೇಗೆ ನಂಬಿಯಾರು ಎಂದು ಅವರು ಕೇಳಿದ್ದರು. ಬೋಧಕರು ತಮ್ಮ ಅಭಿಪ್ರಾಯ ಬದಲಿಸಲೇಬೇಕೆಂದಿಲ್ಲ. 24 ಗಂಟೆ ಎಂದು ನಂಬುವವರೂ ನಂಬದವರೂ ಒಂದೇ ಮೇಜಿನಿಂದ ಪ್ರಭುಭೋಜನ ತೆಗೆದುಕೊಳ್ಳಬಹುದು ಎಂದು ಅವರು ಒಪ್ಪಿದರೆ ಸಾಕು. ಅದನ್ನು ಮಗಳ ಎದುರಿನಲ್ಲೇ ಹೇಳಲು ಅವರನ್ನು ಕೇಳಿಕೊಳ್ಳಿ.